ಮಡಗಾಸ್ಕರ್‌ನ ಕಾಮನಬಿಲ್ಲು ಮೀನಿಗೆ ಆಸ್ಟ್ರೇಲಿಯಾದಲ್ಲಿ ನೆಂಟರು ಹೇಗೆ?

ಅಕ್ವೇರಿಯಂ ಅಂಗಡಿಯಲ್ಲಿ ಈ ಮೀನಿನ ಮರಿ ಕಂಡರೆ ನೀವು ನಿಲ್ಲದೆ ಮುಂದಿನ ತೊಟ್ಟಿಗೆ ಹೋಗಿಬಿಡುತ್ತೀರಿ. ಬೆರಳುದ್ದದ ಮೈ, ತಿಳಿ ಕಂದು ಬಣ್ಣ, ಕಣ್ಣಿನಿಂದ ಬಾಲದವರೆಗೆ ಸ್ಕೇಲ್ ಇಟ್ಟು ಗೆರೆ ಎಳೆದಂಥ ಒಂದು ಕಪ್ಪು ಪಟ್ಟೆ. ಅಷ್ಟೇ. ಹೆಸರು ಮಾತ್ರ ಕಾಮನಬಿಲ್ಲು ಮೀನು! ಹೆಸರಿಟ್ಟವರು ಬೇರೆ ಯಾವುದನ್ನೋ ನೋಡಿ ಇಟ್ಟಿರಬೇಕು ಅನಿಸುತ್ತದೆ.

ಸ್ವಲ್ಪ ತಾಳಬೇಕು. ಮೀನು ಬೆಳೆದು ಹತ್ತು ಸೆಂಟಿಮೀಟರ್ ಹತ್ತಿರಕ್ಕೆ ಬಂದಾಗ ಗಂಡಿನ ಮೈಮೇಲೆ ನೀಲಿ-ಹಸಿರು ಹೊಳಪು ಮೂಡುತ್ತದೆ. ಬಾಲದ ತುದಿಗೆ ಕೆಂಪು ಬರುತ್ತದೆ. ಈ ಹೊಳಪು ಬಣ್ಣ ಬಳಿದ ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ. ಮೀನು ತಿರುಗಿದರೆ ಬಣ್ಣವೂ ತಿರುಗುತ್ತದೆ. ಚರ್ಮದ ಕೋಶಗಳ ಒಳಗೆ ಗ್ವಾನಿನ್ ಎಂಬ ವಸ್ತುವಿನ ತೆಳು ಹರಳುಗಳು ಒಂದರ ಮೇಲೊಂದು ಪದರವಾಗಿ ಕೂತಿರುತ್ತವೆ. ಬೆಳಕು ಅವುಗಳಿಗೆ ತಾಗಿ ವಾಪಸ್ ಬರುವಾಗ ಬಣ್ಣ ಹುಟ್ಟುತ್ತದೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಓಡಾಡುವುದನ್ನು ನೋಡಿದ್ದೀರಲ್ವಾ? ಹೆಚ್ಚುಕಡಿಮೆ ಅದೇ ಲೆಕ್ಕ. ಬೆಳಗಿನ ಓರೆ ಬಿಸಿಲು ತೊಟ್ಟಿಯ ಮೇಲೆ ಬಿದ್ದಾಗ ನೋಡಿದರೆ ಆ ಹೆಸರು ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಗುರುತು ಬೆನ್ನಿನ ಮೇಲಿದೆ. ಬೆನ್ನಿಗೆ ಒಂದಲ್ಲ, ಎರಡು ರೆಕ್ಕೆ. ಹಿಂದಿನದು ಉದ್ದ. ಮುಂದಿನದು ಎಷ್ಟು ಪುಟ್ಟದು ಎಂದರೆ, ದರ್ಜಿ ಹೊಲಿಯಲು ಮರೆತು ಕೊನೆಗೆ ಸಿಕ್ಕಿಸಿದ ತುಂಡಿನ ಹಾಗಿದೆ. ಈ ಎರಡು ರೆಕ್ಕೆಯ ವಿಷಯ ನೆನಪಿರಲಿ. ಮುಂದೆ ನೆಂಟಸ್ತನದ ಮಾತು ಬಂದಾಗ ಬೇಕಾಗುತ್ತದೆ.

ಇದರ ಪೂರ್ತಿ ಹೆಸರು ಬೆಡೋಟಿಯಾ ಮಡಗಾಸ್ಕರಿಯೆನ್ಸಿಸ್. ಊರು, ಹೆಸರೇ ಹೇಳುವಂತೆ, ಮಡಗಾಸ್ಕರ್ ದ್ವೀಪದ ಪೂರ್ವದ ಮಳೆಕಾಡು.

ಮಡಗಾಸ್ಕರ್ ಎಂದರೆ ನಮಗೆ ನಕ್ಷೆಯಲ್ಲಿ ಆಫ್ರಿಕಾದ ಪಕ್ಕ ಕಾಣುವ ಒಂದು ತುಂಡು. ಆದರೆ ಅದು ಸುಮಾರು 5,87,000 ಚದರ ಕಿಲೋಮೀಟರ್ ಇದೆ, ಮೂರು ಕರ್ನಾಟಕ ಹಿಡಿಸುತ್ತದೆ. ನಡುವೆ ಎತ್ತರದ ಪ್ರಸ್ಥಭೂಮಿ. ಪಶ್ಚಿಮಕ್ಕೆ ಅದು ನಿಧಾನವಾಗಿ ಇಳಿಯುತ್ತದೆ, ಪೂರ್ವಕ್ಕೆ ಮಾತ್ರ ಗೋಡೆಯಂತೆ ಕಡಿದುಬೀಳುತ್ತದೆ. ಹಿಂದೂ ಮಹಾಸಾಗರದಿಂದ ಬೀಸುವ ತೇವದ ಗಾಳಿ ಈ ಗೋಡೆಗೆ ಡಿಕ್ಕಿ ಹೊಡೆದು ಮಳೆ ಸುರಿಸುತ್ತದೆ. ಆ ಇಳಿಜಾರಿನ ತುಂಬ ಕಾಡು, ಕಾಡಿನ ತುಂಬ ಹಳ್ಳ. ಹಳ್ಳಗಳು ಜಲಪಾತವಾಗಿ ಧುಮುಕಿ, ಸ್ವಲ್ಪ ದೂರ ಹರಿದು, ಸಮುದ್ರ ಸೇರಿಬಿಡುತ್ತವೆ. ಆಗುಂಬೆಯ ಕೆಳಗೋ ಕೊಲ್ಲೂರಿನ ಆಸುಪಾಸಿನಲ್ಲೋ ಓಡಾಡಿದವರಿಗೆ ಈ ವರ್ಣನೆ ಬಹಳ ಪರಿಚಿತ ಅನಿಸಬೇಕು. ವ್ಯತ್ಯಾಸ ಒಂದೇ: ನಮ್ಮ ಘಟ್ಟ ಪಶ್ಚಿಮಕ್ಕೆ ಕಡಿದುಬೀಳುತ್ತದೆ, ಅವರದು ಪೂರ್ವಕ್ಕೆ. ಕನ್ನಡಿಯಲ್ಲಿ ನೋಡಿದ ಹಾಗೆ. ಇದು ಸುಮ್ನೆ ಒಂದು ಹೋಲಿಕೆಯಲ್ಲ. ಅಲ್ಲಿಗೆ ಬರುತ್ತೇನೆ.

ತಪ್ಪು ಚೀಟಿಯ ಕಥೆ

ಈ ಮೀನಿಗೆ ವಿಜ್ಞಾನದ ಹೆಸರು ಸಿಕ್ಕಿದ್ದು 1903ರಲ್ಲಿ. ಹೆಸರಿಟ್ಟವರು ಲಂಡನ್ನಿನ ಚಾರ್ಲ್ಸ್ ಟೇಟ್ ರೀಗನ್. ಮೀನು ಅವರ ಕೈಗೆ ಬಂದದ್ದು ಹಳ್ಳದಿಂದಲ್ಲ, ಸ್ವಿಟ್ಜರ್ಲೆಂಡಿನ ಜಿನೀವಾ ಮ್ಯೂಸಿಯಂನ ಸಂಗ್ರಹದಿಂದ. ಆಗ ಆ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು ಮೋರಿಸ್ ಬೆಡೋ. ಅವರ ಹೆಸರೇ ಬೆಡೋಟಿಯಾ ಆಯಿತು. ಮಳೆಕಾಡಿನ ಮೀನಿಗೆ ಆಲ್ಪ್ಸ್ ತಪ್ಪಲಿನ ಮ್ಯೂಸಿಯಂನವರ ಹೆಸರು! ಆ ಕಾಲದ ರೂಢಿಯೇ ಹಾಗಿತ್ತು.

ನಾಲ್ಕು ವರ್ಷದ ನಂತರ, 1907ರಲ್ಲಿ, ಫ್ರಾನ್ಸಿನ ಜಾಕ್ ಪೆಲ್ಲೆಗ್ರಿನ್ ಇದೇ ಬಳಗದ ಇನ್ನೊಂದು ಮೀನಿಗೆ ಬೆಡೋಟಿಯಾ ಗೇಯಿ ಎಂದು ಹೆಸರಿಟ್ಟರು. ಗೊಂದಲ ಶುರುವಾದದ್ದು ಇಲ್ಲಿಂದ. ಮುಂದೆ ಅಕ್ವೇರಿಯಂ ವ್ಯಾಪಾರ ಬೆಳೆಯಿತು. ಮಡಗಾಸ್ಕರ್‌ನ ಮೀನು ಯುರೋಪಿನ, ಅಮೆರಿಕದ ಮನೆಗಳಿಗೆ ಬಂತು. ತೊಟ್ಟಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ‘ಗೇಯಿ’ ಎಂದು ಬರೆದಿತ್ತು. ಪುಸ್ತಕಗಳಲ್ಲೂ ಹಾಗೇ ಅಚ್ಚಾಯಿತು. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದರು. ದಶಕಗಟ್ಟಲೆ ಹೀಗೇ ನಡೆಯಿತು.

2007ರಲ್ಲಿ ಪಾಲ್ ಲುಅಸೆಲ್ ಮತ್ತು ಅವರ ಸಹೋದ್ಯೋಗಿ ಹಳೆಯ ಮಾದರಿಗಳನ್ನು ತೆಗೆದು, ಎರಡೂ ಜಾತಿಗಳ ವಿವರವನ್ನು ಹೊಸದಾಗಿ ಬರೆದರು. ಆಗ ತೊಟ್ಟಿಗಳಲ್ಲಿ ‘ಗೇಯಿ’ ಎಂದು ಮಾರಾಟವಾಗುತ್ತಿದ್ದ ಮೀನು ನಿಜವಾಗಿ ಮಡಗಾಸ್ಕರಿಯೆನ್ಸಿಸ್ ಎಂಬುದು ಖಚಿತವಾಯಿತು. ನಿಜವಾದ ಗೇಯಿ ಮನಂಜರಿ ಎಂಬ ನದಿಯ ಕಡೆಯದು. ಅದೇ ಬರಹದಲ್ಲಿ ಅವರು ರಿಯಾನಿಲಾ ನದಿಯ ಕಡೆಯ ಇನ್ನೊಂದು ಹೊಸ ಜಾತಿಗೂ ಹೆಸರಿಟ್ಟರು. ಅಂಗಡಿಯ ಚೀಟಿಗಳು ಮಾತ್ರ ಇವತ್ತಿಗೂ ಎಲ್ಲಾ ಕಡೆ ಬದಲಾಗಿಲ್ಲ.

ಚೀಟಿ ತಪ್ಪಿದರೆ ಏನಾಯಿತು, ಮೀನು ಮೀನೇ ಅಲ್ವಾ ಅಂತ ಕೇಳಬಹುದು. ಯಾವ ಮೀನು ಯಾವ ಹಳ್ಳದ್ದು ಎಂದು ಗೊತ್ತಿಲ್ಲದಿದ್ದರೆ, ಯಾವ ಹಳ್ಳ ಬತ್ತಿದರೆ ಯಾವ ಮೀನು ಹೋಗುತ್ತದೆ ಎಂದೂ ಗೊತ್ತಾಗುವುದಿಲ್ಲ. ಈ ಮೀನುಗಳ ವಿಷಯದಲ್ಲಿ ಊರಿನ ಹೆಸರೇ ಅರ್ಧ ಗುರುತು.

ನೆಂಟರು ಎಲ್ಲಿದ್ದಾರೆ ನೋಡಿ

ಬೆಡೋಟಿಯಾ ಮತ್ತು ಅದರ ಹತ್ತಿರದ ರಿಯೋಕ್ಲಿಸ್ ಸೇರಿ ಒಂದು ಕುಟುಂಬ. ಈ ಕುಟುಂಬದ ಮೀನು ಮಡಗಾಸ್ಕರ್ ಬಿಟ್ಟರೆ ಜಗತ್ತಿನ ಇನ್ನಾವ ಹೊಳೆಯಲ್ಲೂ ಇಲ್ಲ. ಹಾಗಾದರೆ ಇವುಗಳ ಹತ್ತಿರದ ನೆಂಟರು ಯಾರು? ನಕ್ಷೆ ನೋಡಿದರೆ ಉತ್ತರ ಸುಲಭ ಅನಿಸುತ್ತದೆ. ಆಫ್ರಿಕಾ ಬರೀ 400 ಕಿಲೋಮೀಟರ್ ದೂರದಲ್ಲಿದೆ. ಅಲ್ಲೇ ಇರಬೇಕು.

ಇಲ್ಲ. ನೆಂಟರು ಇರುವುದು ಇಡೀ ಹಿಂದೂ ಮಹಾಸಾಗರದ ಆಚೆ, ಆಸ್ಟ್ರೇಲಿಯಾದಲ್ಲಿ ಮತ್ತು ನ್ಯೂಗಿನಿ ದ್ವೀಪದಲ್ಲಿ. ಆರು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರ. ಅಕ್ವೇರಿಯಂ ಹವ್ಯಾಸಿಗಳಿಗೆ ಚೆನ್ನಾಗಿ ಗೊತ್ತಿರುವ ಕಾಮನಬಿಲ್ಲು ಮೀನುಗಳಲ್ಲಿ ಬಹುಪಾಲು ಅಲ್ಲಿಯವೇ. ಮುಂದಿನ ಅರ್ಧ ನೀಲಿ, ಹಿಂದಿನ ಅರ್ಧ ಕಿತ್ತಳೆ ಇರುವ ಬೋಸಮನಿ ರೇನ್‌ಬೋ ಅಂಥದೊಂದು. ಅವಕ್ಕೂ ಅದೇ ಎರಡು ಬೆನ್ನುರೆಕ್ಕೆ, ಅದರಲ್ಲಿ ಮುಂದಿನದು ಪುಟ್ಟದು.

ರೆಕ್ಕೆ ಒಂದೇ ತರಹ ಇದ್ದ ಮಾತ್ರಕ್ಕೆ ನೆಂಟರು ಎನ್ನಲಾಗದು. ಈ ಮೀನುಗಳು ಸೇರುವ ದೊಡ್ಡ ಗುಂಪಿನಲ್ಲಿ ಎರಡು ಬೆನ್ನುರೆಕ್ಕೆ ಇರುವವು ಬೇಕಾದಷ್ಟಿವೆ, ಸಮುದ್ರದಲ್ಲೂ ಇವೆ. 2004ರಲ್ಲಿ ಅಮೆರಿಕದ ಜಾನ್ ಸ್ಪಾರ್ಕ್ಸ್ ಮತ್ತು ಲಿಯೋ ಸ್ಮಿತ್ ಡಿಎನ್ಎ ಹೋಲಿಸಿ ನೋಡಿದರು. ಮಡಗಾಸ್ಕರ್‌ನ ಮೀನುಗಳೂ ಆಸ್ಟ್ರೇಲಿಯಾ ಕಡೆಯ ಮೀನುಗಳೂ ಒಂದೇ ಬೇರಿನವು ಎಂದು ಕಂಡಿತು. ಅಲ್ಲಿಗೆ ನೆಂಟಸ್ತನದ ಅನುಮಾನ ಬಹುಪಾಲು ಮುಗಿಯಿತು. ಇನ್ನೊಂದು ಪ್ರಶ್ನೆ ಎದ್ದು ನಿಂತಿತು: ಸಿಹಿನೀರಿನ ಮೀನುಗಳು ಇಷ್ಟು ದೂರ ದೂರ ಹೋಗಿ ಕೂತಿದ್ದು ಹೇಗೆ?

ಅಣ್ಣತಮ್ಮಂದಿರು ದೂರವಾಗುವುದಕ್ಕೆ ಎರಡೇ ದಾರಿ. ಒಂದು, ಮನೆ ಪಾಲಾಗುವುದು. ಇದ್ದಲ್ಲೇ ಇದ್ದರೂ ನಡುವೆ ಗೋಡೆ ಬರುತ್ತದೆ. ಎರಡು, ಯಾರೋ ಒಬ್ಬ ಮನೆ ಬಿಟ್ಟು ವಲಸೆ ಹೋಗುವುದು. ಈ ಮೀನಿನ ಬಗ್ಗೆ ನಡೆಯುತ್ತಿರುವ ಜಗಳವೆಲ್ಲ ಇಷ್ಟೇ: ಪಾಲೋ, ವಲಸೆಯೋ?

ಪಾಲಿನ ಕಡೆಯ ವಾದ ಮೊದಲು ನೋಡೋಣ. ಒಂದು ಕಾಲಕ್ಕೆ ಆಫ್ರಿಕಾ, ದಕ್ಷಿಣ ಅಮೆರಿಕ, ಮಡಗಾಸ್ಕರ್, ಭಾರತ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ಎಲ್ಲ ಸೇರಿ ಗೊಂಡ್ವಾನ ಎಂಬ ಒಂದೇ ಭೂಖಂಡವಾಗಿತ್ತು. ಸುಮಾರು 16 ಕೋಟಿ ವರ್ಷದ ಹಿಂದೆ ಅದು ಬಿರಿಯತೊಡಗಿತು. ಆಫ್ರಿಕಾ ಒಂದು ಕಡೆಯಾಯಿತು. ಮಡಗಾಸ್ಕರ್, ಭಾರತ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ಇನ್ನೊಂದು ಕಡೆಯಾದವು. ಆಮೇಲೆ ಈ ಎರಡನೆಯ ಪಾಲೂ ಒಡೆಯಿತು. ಅಂಟಾರ್ಕ್ಟಿಕಾ ಮತ್ತು ಆಸ್ಟ್ರೇಲಿಯಾ ದೂರ ಸರಿದವು. ಕೊನೆಗೆ ಸುಮಾರು 8.8 ಕೋಟಿ ವರ್ಷದ ಹಿಂದೆ ಭಾರತವೂ ಮಡಗಾಸ್ಕರ್ ಕೈಬಿಟ್ಟು ಉತ್ತರಕ್ಕೆ ಹೊರಟಿತು. ಈ ಲೆಕ್ಕದಲ್ಲಿ ಮಡಗಾಸ್ಕರ್ ಎಲ್ಲರಿಗಿಂತ ಮೊದಲು ಬೇರೆಯಾದದ್ದು ಪಕ್ಕದ ಆಫ್ರಿಕಾದಿಂದಲೇ. ಆದ್ದರಿಂದ ನೆಂಟರು ಆಫ್ರಿಕಾದಲ್ಲಿ ಇಲ್ಲದೆ ಆಸ್ಟ್ರೇಲಿಯಾದಲ್ಲಿ ಇರುವುದು ಸರಿಯೇ. ವಾದ ಬಲು ಅಚ್ಚುಕಟ್ಟು.

ಮಲ್ಪೆಯ ಕಲ್ಲು

ಈ ಪಾಲಿನ ದಸ್ತಾವೇಜು ಎಲ್ಲಿದೆ ಗೊತ್ತಾ? ಒಂದು ಪ್ರತಿ ನಮ್ಮ ಉಡುಪಿಯಲ್ಲಿದೆ.

ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನಾವು ಫೋಟೋ ತೆಗೆಸಿಕೊಂಡು ಬರುವ ಸೇಂಟ್ ಮೇರೀಸ್ ದ್ವೀಪ ಇದೆಯಲ್ಲ, ಸ್ಥಳೀಯರು ತೋನ್ಸೆಪಾರ್ ಎನ್ನುವುದು, ಅಲ್ಲಿ ಷಟ್ಕೋನದ ಕಲ್ಲಿನ ಕಂಬಗಳು ಕಟ್ಟು ಕಟ್ಟಾಗಿ ನಿಂತಿವೆ. ಯಾರೋ ಕೆತ್ತಿ ಜೋಡಿಸಿದ ಹಾಗೆ ಕಾಣುತ್ತದೆ. ಕೆತ್ತಿದ್ದಲ್ಲ. ನೆಲದೊಳಗಿಂದ ಉಕ್ಕಿದ ಲಾವಾ ತಣ್ಣಗಾಗುವಾಗ ಕುಗ್ಗಿ, ಕೆರೆಯ ಕೆಸರು ಒಣಗಿ ಬಿರುಕು ಬಿಡುವ ಹಾಗೆ ಬಿರುಕು ಬಿಟ್ಟು, ಆ ಬಿರುಕು ಆಳಕ್ಕೆ ಇಳಿದು ಕಂಬಗಳಾಗಿವೆ. 1979ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದರು. ಈ ಕಲ್ಲಿನ ವಯಸ್ಸು ಸುಮಾರು 9 ಕೋಟಿ ವರ್ಷ. ಮಡಗಾಸ್ಕರ್‌ನಲ್ಲೂ ಅದೇ ಕಾಲದ ಲಾವಾ ಹರಡಿಕೊಂಡಿದೆ. ಎರಡೂ ನೆಲ ಬೇರೆಯಾಗುವ ಹೊತ್ತಿಗೆ ಉಕ್ಕಿದ ಬೆಂಕಿ ಅದು.

ಇಷ್ಟಕ್ಕೇ ಮುಗಿಯಲಿಲ್ಲ. ಮಡಗಾಸ್ಕರ್‌ನ ಈಶಾನ್ಯಕ್ಕೆ ಅಂತೊಂಗಿಲ್ ಎಂಬ ಕೊಲ್ಲಿ ಇದೆ. ಅದರ ಸುತ್ತಲ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಭೂವಿಜ್ಞಾನಿಗಳು ಅವನ್ನು ನಮ್ಮ ಧಾರವಾಡ ಶಿಲಾಸಮೂಹದ ಮುಂದುವರಿಕೆ ಎಂದು ಓದುತ್ತಾರೆ. ಅಂದರೆ ಕರ್ನಾಟಕದ ಕರಾವಳಿಯೂ ಮಡಗಾಸ್ಕರ್‌ನ ಪೂರ್ವ ಕರಾವಳಿಯೂ ಒಂದೇ ಬಿರುಕಿನ ಎರಡು ಅಂಚುಗಳು. ಕನ್ನಡಿಯ ಮಾತು ಆಡಿದೆನಲ್ಲ, ಅದು ಇದೇ. ರೊಟ್ಟಿ ಮುರಿದಾಗ ಎರಡು ಚೂರಿನ ಅಂಚೂ ಹೊಂದುವ ಹಾಗೆ ನಮ್ಮ ಘಟ್ಟ, ಅವರ ಘಟ್ಟ.

ಮೀನಿನ ಸಾಕ್ಷಿಯೂ ಇದೆ, ಆದರೆ ಅದು ಕಾಮನಬಿಲ್ಲು ಮೀನಿನದಲ್ಲ. ಕೇರಳಕ್ಕೆ ಹೋದವರು ಕರಿಮೀನು ತಿಂದಿರುತ್ತಾರೆ. ಅದು ಸಿಕ್ಲಿಡ್ ಎಂಬ ಕುಟುಂಬದ್ದು. ಅದರ ದಾಯಾದಿಯೊಂದು ನಮ್ಮ ದಕ್ಷಿಣ ಕನ್ನಡದ ಕಡೆಯ ನದಿಗಳಲ್ಲಿದೆ. 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಟ್ಟರು. ಕೆನರಾ ಜಿಲ್ಲೆಯ ಹೆಸರೇ ಮೀನಿಗೆ ಹೋಯಿತು. ಈ ಎಟ್ರೋಪ್ಲಸ್ ಬಳಗದ ಅತಿ ಹತ್ತಿರದ ನೆಂಟರು ಎಲ್ಲಿದ್ದಾರೆ? ಮಡಗಾಸ್ಕರ್‌ನಲ್ಲಿ. ಅಲ್ಲಿಯವರು ದಂಬ ಎಂದು ಕರೆಯುವ ಪ್ಯಾರೆಟ್ರೋಪ್ಲಸ್ ಮೀನುಗಳು.

ಇಷ್ಟು ಕೇಳಿದ ಮೇಲೆ ಯಾರಿಗಾದರೂ ‘ಸರಿ, ಪಾಲೇ’ ಅನಿಸುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು.

ಲೆಕ್ಕ ಎಲ್ಲಿ ತಪ್ಪುತ್ತದೆ

ಮೊದಲ ತೊಡಕು ಭಾರತವೇ. ಮಡಗಾಸ್ಕರ್ ಮತ್ತು ಭಾರತ ಕೊನೆಯವರೆಗೂ ಕೈ ಹಿಡಿದುಕೊಂಡೇ ಇದ್ದವು. ಪಾಲಾಗುವ ಮೊದಲೇ ಕಾಮನಬಿಲ್ಲು ಮೀನು ಇದ್ದಿದ್ದರೆ ನಮ್ಮ ಹೊಳೆಗಳಿಗೂ ಅದರ ಪಾಲು ಸಿಗಬೇಕಿತ್ತು. ಶರಾವತಿಯಲ್ಲೋ ನೇತ್ರಾವತಿಯಲ್ಲೋ ಒಂದು ಜಾತಿಯಾದರೂ ಇರಬೇಕಿತ್ತು. ಇಲ್ಲ. ಇದ್ದದ್ದು ಅಳಿದಿರಬಹುದು ಎಂದು ವಾದಿಸಬಹುದು. ಭಾರತ ಉತ್ತರಕ್ಕೆ ಸಾಗುವ ದಾರಿಯಲ್ಲಿ 6.6 ಕೋಟಿ ವರ್ಷದ ಹಿಂದೆ ದಖ್ಖನ್‌ನ ಲಾವಾ ಪ್ರವಾಹ ಕಂಡಿತು, ಹವೆ ಬದಲಾಯಿತು, ಆಮೇಲೆ ಏಷ್ಯಾಕ್ಕೆ ಬಂದು ಗುದ್ದಿತು. ಒಂದು ಮೀನಿನ ವಂಶ ಅಳಿಯಲು ಇಷ್ಟು ಸಾಕು. ಆದರೆ ಸಾಕ್ಷಿ ಇಲ್ಲದ ಕಡೆಯಲ್ಲೆಲ್ಲ ‘ಇತ್ತು, ಸತ್ತುಹೋಯಿತು’ ಎನ್ನುತ್ತಾ ಹೋದರೆ ಯಾವ ವಾದವನ್ನಾದರೂ ಗೆಲ್ಲಬಹುದು.

ಎರಡನೆಯ ತೊಡಕು ಇನ್ನೂ ದೊಡ್ಡದು. ಅದು ಕಾಲದ್ದು.

ಡಿಎನ್ಎ ನೋಡಿ ಕಾಲ ಹೇಳುವುದು ಹೇಗೆ? ಭಾಷೆಯ ಉದಾಹರಣೆ ತೆಗೆದುಕೊಳ್ಳೋಣ. ಕುಂದಾಪುರದ ಕನ್ನಡ ಬೇರೆ, ಧಾರವಾಡದ ಕನ್ನಡ ಬೇರೆ, ಹವ್ಯಕರ ಕನ್ನಡ ಬೇರೆ. ಮೂಲ ಒಂದೇ. ದೂರವಾಗಿ ಹೆಚ್ಚು ಕಾಲ ಕಳೆದಷ್ಟೂ ವ್ಯತ್ಯಾಸ ಜಾಸ್ತಿ. ವ್ಯತ್ಯಾಸವನ್ನು ಅಳೆದರೆ ಯಾವಾಗ ಬೇರೆಯಾದವು ಎಂದು ಅಂದಾಜು ಮಾಡಬಹುದು. ಡಿಎನ್ಎಯಲ್ಲೂ ತಲೆಮಾರಿನಿಂದ ತಲೆಮಾರಿಗೆ ಸಣ್ಣ ಸಣ್ಣ ಅಕ್ಷರದೋಷಗಳು ಸೇರುತ್ತಾ ಹೋಗುತ್ತವೆ. ಎರಡು ಮೀನುಗಳ ನಡುವೆ ಎಷ್ಟು ದೋಷದ ವ್ಯತ್ಯಾಸ ಇದೆ ಎಂದು ಎಣಿಸಿದರೆ ಅವು ಬೇರೆಯಾದ ಕಾಲದ ಅಂದಾಜು ಸಿಗುತ್ತದೆ.

ಆದರೆ ದೋಷ ಸೇರುವ ವೇಗ ಎಷ್ಟು? ಅದನ್ನು ತಿಳಿಯಲು ಗಡಿಯಾರಕ್ಕೆ ಒಮ್ಮೆಯಾದರೂ ಸರಿಯಾದ ಸಮಯ ಹೊಂದಿಸಬೇಕು. ಆ ಕೆಲಸಕ್ಕೆ ಬೇಕಾದದ್ದು ಪಳೆಯುಳಿಕೆ. ಇಂಥ ಕಲ್ಲಿನ ಪದರದಲ್ಲಿ ಇಂಥ ಮೀನು ಸಿಕ್ಕಿತು, ಆದ್ದರಿಂದ ಆ ವಂಶ ಆ ಹೊತ್ತಿಗೆ ಹುಟ್ಟಿತ್ತು ಎಂಬ ಗುರುತು. ಕಾಮನಬಿಲ್ಲು ಮೀನು ಸೇರುವ ದೊಡ್ಡ ಗುಂಪಿನ ಹಳೆಯ, ಖಚಿತ ಪಳೆಯುಳಿಕೆಗಳು ಇಟಲಿಯ ಬೋಲ್ಕಾ ಎಂಬಲ್ಲಿ ಸಿಕ್ಕಿವೆ. ಅವು ಸುಮಾರು 5 ಕೋಟಿ ವರ್ಷದವು. ಸಿಕ್ಲಿಡ್‌ಗಳದೂ ಇದೇ ಕಥೆ. ತಾಂಜಾನಿಯಾದಲ್ಲಿ ಸಿಕ್ಕ ಅತಿ ಹಳೆಯ ಸಿಕ್ಲಿಡ್‌ಗಳಿಗೆ ಸುಮಾರು 4.6 ಕೋಟಿ ವರ್ಷ. ಮನೆ ಪಾಲಾಗಿ ಮುಗಿದು ಕೋಟಿಗಟ್ಟಲೆ ವರ್ಷ ಕಳೆದ ಮೇಲೆ ಈ ಮೀನುಗಳ ಮೊದಲ ಗುರುತು ಸಿಗುತ್ತಿದೆ. ಅಣ್ಣತಮ್ಮಂದಿರು ಹುಟ್ಟುವ ಮೊದಲೇ ಆಸ್ತಿ ಪಾಲಾಯಿತು ಎಂದ ಹಾಗಾಯಿತಲ್ವಾ!

ಪಾಲಿನ ಪಕ್ಷದವರು ಇದಕ್ಕೂ ಉತ್ತರ ಇಟ್ಟುಕೊಂಡಿದ್ದಾರೆ. ಪಳೆಯುಳಿಕೆ ಸಿಕ್ಕಿಲ್ಲ ಎಂದರೆ ಮೀನು ಇರಲಿಲ್ಲ ಎಂದಲ್ಲ. ಮಳೆಕಾಡಿನ ಹಳ್ಳದಲ್ಲಿ ಸತ್ತ ಚಿಕ್ಕ ಮೀನು ಕೊಳೆತುಹೋಗುವುದೇ ಜಾಸ್ತಿ, ಕಲ್ಲಾಗುವುದು ಅಪರೂಪ. ಇದು ನ್ಯಾಯವಾದ ಮಾತು. ಆದರೂ ಪಳೆಯುಳಿಕೆಗೆ ಹೊಂದಿಸಿದ ಈಚಿನ ಹಲವು ಲೆಕ್ಕಗಳು ಪಾಲಿನ ಕಾಲಕ್ಕಿಂತ ತುಂಬಾ ಈಚೆಗೇ ಬಂದು ನಿಲ್ಲುತ್ತವೆ.

ಹಾಗಾದರೆ ಉಳಿದದ್ದು ವಲಸೆ. ಸಿಹಿನೀರಿನ ಮೀನು ಉಪ್ಪು ಸಮುದ್ರ ದಾಟಿತು ಎಂದರೆ ನಂಬುವುದು ಕಷ್ಟ. ಆದರೆ ಈ ಮೀನುಗಳ ದೊಡ್ಡ ಬಳಗವನ್ನು ನೋಡಿ. ಬಹಳಷ್ಟು ಸಮುದ್ರದ ಅಂಚಿನ ಬೆಳ್ಳಿ ಮೀನುಗಳು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಆರಾಮಾಗಿ ಓಡಾಡುವವು. ಆಸ್ಟ್ರೇಲಿಯಾದ ಕಾಮನಬಿಲ್ಲು ಮೀನಿನ ನೆಂಟನೊಂದು ಕಾಂಡ್ಲಾ ಗಿಡಗಳ ನಡುವಿನ ಉಪ್ಪುನೀರಲ್ಲೇ ಬದುಕುತ್ತದೆ. ಇಂದು ಸಿಹಿನೀರಿಗೆ ಕಟ್ಟುಬಿದ್ದ ಮೀನಿನ ಮುತ್ತಜ್ಜ ಉಪ್ಪಿಗೆ ಹೆದರದವನಾಗಿದ್ದರೆ, ಪ್ರಶ್ನೆಯ ಬಿಗಿ ಅರ್ಧ ಸಡಿಲವಾಗುತ್ತದೆ.

ಜೊತೆಗೆ ದಾರಿಯೂ ಇದೆ. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಇಂಡೋನೇಷ್ಯಾ ಕಡೆಯಿಂದ ಮಡಗಾಸ್ಕರ್ ಕಡೆಗೆ ಒಂದು ದೊಡ್ಡ ಪ್ರವಾಹ ಹರಿಯುತ್ತದೆ. 1883ರಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗ ಹೊರಬಿದ್ದ ತೇಲುವ ಕಲ್ಲು ಮರುವರ್ಷ ಆಫ್ರಿಕಾದ ಪೂರ್ವ ತೀರಕ್ಕೆ ಬಂದು ಬಿತ್ತು. ಮನುಷ್ಯರ ಕಥೆಯೂ ಬೇರೆಯಲ್ಲ. ಮಡಗಾಸ್ಕರ್‌ನ ಮಲಗಾಸಿ ಭಾಷೆಗೆ ಅತಿ ಹತ್ತಿರದ ಭಾಷೆ ಆಫ್ರಿಕಾದಲ್ಲಿ ಇಲ್ಲ. ಅದು ಬೋರ್ನಿಯೋ ದ್ವೀಪದ ಬರಿಟೊ ನದಿಯ ದಂಡೆಯಲ್ಲಿ ಮಾತಾಡುವ ಮಅನ್ಯಾನ್. ಸಾವಿರಕ್ಕೂ ಜಾಸ್ತಿ ವರ್ಷದ ಹಿಂದೆ ಅಲ್ಲಿಂದ ದೋಣಿಯಲ್ಲಿ ಬಂದವರ ಮಾತು ಅದು. ಮೀನಿಗೂ ಭಾಷೆಗೂ ಸಂಬಂಧವಿಲ್ಲ, ನಿಜ. ಆದರೂ ಆ ದ್ವೀಪದಲ್ಲಿ ಮನುಷ್ಯರ ನೆಂಟರೂ ಮೀನಿನ ನೆಂಟರೂ ಪಕ್ಕದ ತೀರ ಬಿಟ್ಟು ಪೂರ್ವದ ತುದಿಯಲ್ಲಿ ಕೂತಿರುವುದು ನನಗೆ ಬಹಳ ಸೊಗಸಾಗಿ ಕಾಣುತ್ತದೆ.

ಕಾಮನಬಿಲ್ಲು ಮೀನಿನ ಮಟ್ಟಿಗೆ ನನ್ನ ಓಟು ವಲಸೆಗೆ. ನಮ್ಮ ಕೆನರಾ ಮೀನು ಮತ್ತು ದಂಬದ ವಿಷಯದಲ್ಲಿ ಅಷ್ಟು ಧೈರ್ಯ ಬರುವುದಿಲ್ಲ. ಅಲ್ಲಿ ನೆಲದ ಹೊಂದಿಕೆ ತೀರಾ ಚೆನ್ನಾಗಿದೆ, ಜಗಳವೂ ಇನ್ನೂ ಬಿಸಿಯಾಗಿದೆ.

ಒಂದು ನದಿಗೆ ಒಂದು ಮೀನು

ಹೇಗೋ ಬಂದು ಸೇರಿದ ಮೇಲೆ ನಡೆದದ್ದು ನೆಲದ ಆಟ. ಕಡಿದಾದ ಇಳಿಜಾರು, ಮೇಲೆ ಜಲಪಾತ, ಕೆಳಗೆ ಸಮುದ್ರ. ಒಂದು ಕಣಿವೆಯ ಮೀನು ಪಕ್ಕದ ಕಣಿವೆಗೆ ಹೋಗಲು ದಾರಿಯೇ ಇಲ್ಲ. ಹಾಗಾಗಿ ಕಣಿವೆ ಕಣಿವೆಗೂ ಮೀನು ಬೇರೆ ಬೇರೆಯಾಗುತ್ತಾ ಹೋಯಿತು. ಮರೊಜೆಜಿ ಬೆಟ್ಟದ ಹೊಳೆಗೆ ಬೆಡೋಟಿಯಾ ಮರೊಜೆಜಿ. ಮಸೋವಾಲಾ ಎಂಬ ಭೂಶಿರಕ್ಕೆ ಬೆಡೋಟಿಯಾ ಮಸೋವಾಲಾ. ಇವಕ್ಕೆಲ್ಲ ಹೆಸರು ಸಿಕ್ಕಿದ್ದು 2000ದಿಂದ ಈಚೆಗೆ. ಇನ್ನೂ ಹೆಸರಿಡದ, ನದಿಯ ಹೆಸರಿನಿಂದಲೇ ಗುರುತಿಸುವ ಬೆಡೋಟಿಯಾಗಳು ಹಲವಿವೆ.

ಇವು ತಿನ್ನುವುದೇನು ಎಂದು ಕೇಳಿದರೆ ಇವುಗಳ ಕಷ್ಟ ಅರ್ಥವಾಗುತ್ತದೆ. ಕಾಡಿನ ಹಳ್ಳದ ನೀರು ತಿಳಿಯಾಗಿರುತ್ತದೆ, ನೆರಳಿರುತ್ತದೆ, ನೀರೊಳಗೆ ಆಹಾರ ಕಡಿಮೆ. ಬೆಡೋಟಿಯಾ ನೀರಿನ ಮೇಲ್ಪದರದಲ್ಲಿ ಗುಂಪಾಗಿ ನಿಂತು ಮೇಲಿಂದ ಬೀಳುವುದಕ್ಕೆ ಕಾಯುತ್ತದೆ. ಇರುವೆ, ಜೀರುಂಡೆ, ಮಿಡತೆ, ಗಾಳಿಗೆ ಉದುರಿದ ಹುಳ. ಅದರ ಊಟದ ಬಹುಪಾಲು ಮರದಿಂದ ಬರುತ್ತದೆ. ಮರ ಹೋದರೆ ನೀರು ಇದ್ದರೂ ಊಟ ಇಲ್ಲ.

ಮರ ಹೋಗುತ್ತಿದೆ. ಮಡಗಾಸ್ಕರ್‌ನಲ್ಲಿ ತಾವಿ ಎಂಬ ಬೇಸಾಯ ಇದೆ. ಕಾಡು ಕಡಿದು, ಒಣಗಿಸಿ, ಸುಟ್ಟು, ಬೂದಿಯ ಮೇಲೆ ಭತ್ತ ಬಿತ್ತುವುದು. ನೆಲ ಸೋತ ಮೇಲೆ ಮುಂದಿನ ತುಂಡಿಗೆ ಹೋಗುವುದು. ನಮ್ಮ ಮಲೆನಾಡಿನ ಕುಮರಿ ಬೇಸಾಯ ಇದೇ. ಸಣ್ಣ ಕುಟುಂಬ ಹೊಟ್ಟೆ ಹೊರೆಯಲು ಮಾಡುವ ಕೆಲಸವನ್ನು ದೂರದಲ್ಲಿ ಕೂತು ಬೈಯುವುದು ಸುಲಭ. ಬೀಟೆಯ ಬಳಗದ ಬೆಲೆಬಾಳುವ ಮರಗಳನ್ನು ಕದ್ದು ಸಾಗಿಸಿದವರ ಮಾತು ಬೇರೆ. 2007ರಲ್ಲಿ ಪೂರ್ವದ ಆರು ರಾಷ್ಟ್ರೀಯ ಉದ್ಯಾನಗಳ ಮಳೆಕಾಡು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೂರೇ ವರ್ಷದಲ್ಲಿ, 2010ಕ್ಕೆ, ಆ ಕಳ್ಳಸಾಗಣೆಯ ದೆಸೆಯಿಂದ ಅಪಾಯದ ಪಟ್ಟಿಗೂ ಸೇರಿತು.

ಕಾಡು ಹೋದ ಹಳ್ಳಕ್ಕೆ ಬಿಸಿಲು ನೇರ ಬೀಳುತ್ತದೆ. ಮಳೆಗೆ ಕೆಂಪು ಮಣ್ಣು ಕೊಚ್ಚಿ ಬಂದು ತಳ ಮುಚ್ಚುತ್ತದೆ. ಅಂಥ ನೀರಲ್ಲಿ ಆರಾಮಾಗಿ ಇರುವವು ಹೊರಗಿನಿಂದ ತಂದು ಬಿಟ್ಟ ಮೀನುಗಳು. ತಿಲಾಪಿಯಾ, ಅಂದರೆ ನಮ್ಮ ಕೆರೆಗಳಲ್ಲೂ ತುಂಬಿಕೊಂಡಿರುವ ಜಿಲೇಬಿ ಮೀನು, ಅಲ್ಲಿಗೂ ಹೋಗಿದೆ. ಸೊಳ್ಳೆಮರಿ ತಿನ್ನಲಿ ಎಂದು ಬಿಟ್ಟ ಗ್ಯಾಂಬೂಸಿಯಾ ಹೋಗಿದೆ. ಹಾವಿನಂಥ ತಲೆಯ ಒಂದು ಬೇಟೆಗಾರ ಮೀನು ಏಷ್ಯಾದಿಂದ ಹೋಗಿದೆ. ಸಾಲದ್ದಕ್ಕೆ, ಗಂಡಿಲ್ಲದೆ ಹೆಣ್ಣುಗಳೇ ಮರಿ ಮಾಡುವ ಒಂದು ಬಗೆಯ ಸಿಹಿನೀರಿನ ಸೀಗಡಿಯಂಥ ಪ್ರಾಣಿಯೂ ಸೇರಿಕೊಂಡಿದೆ. ಕಾಡು ಗಟ್ಟಿಯಾಗಿರುವ ಮೇಲಿನ ಹಳ್ಳಗಳಲ್ಲಿ ಬೆಡೋಟಿಯಾ ಇನ್ನೂ ಸಿಗುತ್ತದೆ. ಕೆಳಗಿನ ಬಯಲಿನಲ್ಲಿ ಜಿಲೇಬಿಯದೇ ದರ್ಬಾರು. ಮಡಗಾಸ್ಕರಿಯೆನ್ಸಿಸ್ ಸೇರಿದ್ದು ಈ ಕೆಳಗಿನ ಬಯಲಿಗೇ. ಅದೇ ಅದರ ದುರದೃಷ್ಟ.

ಹೀಗಾಗಿ ಮನೆಯ ತೊಟ್ಟಿಗಳಿಗೆ ಸ್ವಲ್ಪ ಬೆಲೆ ಬಂದಿದೆ. ಸಾಕುವುದು ಕಷ್ಟವೇನಲ್ಲ. ಉದ್ದದ ತೊಟ್ಟಿ, ಹರಿವು ಇರುವ ಶುದ್ಧ ನೀರು, ಕಡೇಪಕ್ಷ ಆರು ಮೀನಿನ ಗುಂಪು. ತುಂಬಾ ಬಿಸಿ ಇವಕ್ಕೆ ಆಗಿಬರದು, 25 ಡಿಗ್ರಿ ಒಳಗೆ ಖುಷಿಯಾಗಿರುತ್ತವೆ. ಬೆಂಗಳೂರಿನಲ್ಲಿ ವರ್ಷದ ಬಹುಪಾಲು ಹೀಟರ್ ಬೇಡ. ನೀರು ಬದಲಿಸಲು ಸೋಮಾರಿತನ ಮಾಡಿದರೆ ಮಾತ್ರ ಬೇಗ ಸೊರಗುತ್ತವೆ. ಬೇರೆ ಬೇರೆ ನದಿಯ ಬೆಡೋಟಿಯಾಗಳನ್ನು ಒಂದೇ ತೊಟ್ಟಿಗೆ ಬಿಡಬಾರದು. ಕೂಡಿ ಮರಿ ಹಾಕಿದರೆ ಅವು ಯಾವ ನದಿಯ ಮೀನೂ ಅಲ್ಲ. ಅದಕ್ಕೇ ಶ್ರದ್ಧೆ ಇರುವ ಹವ್ಯಾಸಿಗಳು ಚೀಟಿಯ ಮೇಲೆ ಜಾತಿಯ ಹೆಸರಿಗಿಂತ ದೊಡ್ಡದಾಗಿ ನದಿಯ ಹೆಸರು ಬರೆಯುತ್ತಾರೆ.

ಹೆಣ್ಣು ಒಂದೇ ಸಲ ರಾಶಿ ಮೊಟ್ಟೆ ಇಡುವುದಿಲ್ಲ. ದಿನಕ್ಕೆ ಕೆಲವು, ನೀರುಪಾಚಿಯ ನಡುವೆ. ಪ್ರತಿ ಮೊಟ್ಟೆಗೂ ಒಂದು ಸಣ್ಣ ಅಂಟುದಾರ ಇರುತ್ತದೆ. ಅದರಿಂದ ಮೊಟ್ಟೆ ಪಾಚಿಗೆ ನೇತುಕೊಳ್ಳುತ್ತದೆ, ಹರಿವಿಗೆ ಕೊಚ್ಚಿಹೋಗುವುದಿಲ್ಲ. ಒಂದು ವಾರದ ಆಸುಪಾಸಿನಲ್ಲಿ ಮರಿ ಹೊರಬರುತ್ತದೆ. ಸೂಜಿಯ ತುದಿಯಷ್ಟು ದಪ್ಪ, ಎರಡು ಕಣ್ಣು. ಬಹಳಷ್ಟು ಮೀನಿನ ಮರಿಗಳು ಮೊದಲ ದಿನ ತಳದಲ್ಲಿ ಬಿದ್ದಿರುತ್ತವೆ. ಇವು ನೇರ ಮೇಲಕ್ಕೆ ಹೋಗಿ, ತಲೆ ಮೇಲೆ ಬಾಲ ಕೆಳಗೆ ಮಾಡಿ, ನೀರಿನ ಪೊರೆಗೆ ಮೂತಿ ತಾಗಿಸಿ ನೇತಾಡುತ್ತವೆ. ತೊಟ್ಟಿಯ ಮೇಲೆ ಟ್ಯೂಬ್‌ಲೈಟ್ ಬಿಟ್ಟರೆ ಏನೂ ಇಲ್ಲ, ಆದರೂ ಮೇಲಿಂದ ಏನೋ ಬೀಳುತ್ತದೆ ಎಂದು ಕಾಯುತ್ತವೆ.